ಎಂಜಿನ್ನಿಗೂ ಹದ ಬೇಕು



ಮುಂಗಾರು ಬಿದ್ದು ಹತ್ತಿ, ತೊಗರಿ ಮೇಲೆದ್ದ ನಂತರ ಎಡೆ ಹೊಡೆಯಲು ಸಿಗುವ ಹದ ಕೆಲವೇ ದಿನಗಳದ್ದು. ಎರೆಹೊಲ ಹಸಿಯಿದ್ದರೆ ಕುಂಟೆಗೆ ಮೆತ್ತಿಕೊಳ್ಳುತ್ತದೆ. ಆರಿದರೆ ಬಿರುಕು ಬಿಡುತ್ತದೆ. ಆ ದಿನಗಳಲ್ಲಿ ಎತ್ತೂ ಸಿಗದೆ, ಆಳೂ ಸಿಗದೆ ಬೇಸತ್ತ ಅನೇಕ ರೈತರು ಹಳೆಯ ಮೋಟಾರ್ ಸೈಕಲ್ಲಿನ ಹಿಂದಿನ ಗಾಲಿ ತೆಗೆದು, ಅಲ್ಲಿ ಎರಡು ಗಾಲಿ ಕೂಡಿಸಿ, ಎಡೆಕುಂಟೆ ಕಟ್ಟಿ ಹೊಲಕ್ಕಿಳಿಸುತ್ತಿದ್ದಾರೆ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್‌ಸುಖ್‌ಭಾಯಿ ಜಗಾನಿಯವರು 1990ರ ದಶಕದಲ್ಲಿಯೇ ಬುಲೆಟ್ ಗಾಡಿಗೆ ಹೀಗೆ ಕುಂಟೆ ಕಟ್ಟಿ ದೇಶಕ್ಕೆ ತೋರಿಸಿಕೊಟ್ಟರು. ಆದರೆ ಅವರದು ಡೀಸೆಲ್ ಎಂಜಿನ್; ಅದಕ್ಕೆ ಕಾರ್ಬುರೇಟರ್ ಇಲ್ಲ. ನಮ್ಮವರು ಕಟ್ಟುವುದು ಹೆಚ್ಚಾಗಿ ಪೆಟ್ರೋಲ್ ಗಾಡಿ. ತೊಂದರೆ ಹುಟ್ಟುವುದು ಇಲ್ಲಿಯೇ.

ಗಾಡಿಯನ್ನು ಕತ್ತರಿಸಿ, ಬೆಸುಗೆ ಹಾಕಿ, ಹೊಸ ಗಾಲಿ ಕೂಡಿಸುವವರು ಕಾರ್ಬುರೇಟರನ್ನು ಮಾತ್ರ ಇದ್ದಂತೆಯೇ ಬಿಡುತ್ತಾರೆ. ಅದು ರಸ್ತೆಯ ಮೇಲೆ ಹೆಚ್ಚು ಮೈಲೇಜು ಬರಲೆಂದು ಪೆಟ್ರೋಲನ್ನು ಬಿಗಿಹಿಡಿದು ಕೂಡಿಸಿದ ಕಾರ್ಬುರೇಟರು. ರಸ್ತೆಯ ಹದ ಬೇರೆ, ಹೊಲದ ಹದ ಬೇರೆ. ಇದನ್ನು ಮರೆತರೆ ಎಂಜಿನ್ ಉಳಿಯುವುದಿಲ್ಲ.

ಕಾರಣ ಸರಳವಾದುದು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ರಸ್ತೆಯಲ್ಲಿ ಎದುರು ಗಾಳಿ ಬಡಿದು ಆ ಕಾವು ಇಳಿಯುತ್ತದೆ. ಹೊಲದಲ್ಲಿ ಗಾಡಿ ಮನುಷ್ಯನ ನಡಿಗೆಯ ವೇಗದಲ್ಲಿ ಮೊದಲನೆಯ ಗೇರಿನಲ್ಲಿ, ಕುಂಟೆಯ ಭಾರ ಎಳೆಯುತ್ತ ಸಾಗುತ್ತದೆ. ಕಾವು ಹೆಚ್ಚು, ಗಾಳಿ ಇಲ್ಲ. ಪಿಸ್ಟನ್ ಹಿಗ್ಗಿ ಸಿಲಿಂಡರಿನಲ್ಲಿ ಸಿಕ್ಕಿಕೊಂಡರೆ ಗಾಡಿ ಸಾಲಿನ ನಡುವೆಯೇ ನಿಲ್ಲುತ್ತದೆ. ದುರಸ್ತಿಗೆಂದು ರಾಯಚೂರಿಗೆ ಒಯ್ದು ತರುವಷ್ಟರಲ್ಲಿ ಹದ ಹೋಗಿ, ಕಸ ಬೆಳೆಯನ್ನು ಮುಚ್ಚಿರುತ್ತದೆ. ನಾಲ್ಕು ಹನಿ ಪೆಟ್ರೋಲ್ ಉಳಿಸಲು ಹೋಗಿ ಬೆಳೆ ಕಳೆದುಕೊಳ್ಳುವುದು ಯಾವ ಲೆಕ್ಕ?

ಇನ್ನೊಂದು ಹೊಸ ಸಂಗತಿಯನ್ನೂ ತಿಳಿದಿರಬೇಕು. 2020ರ ಏಪ್ರಿಲ್‌ನಿಂದ ಹೊಸ ಮಾಲಿನ್ಯ ನಿಯಮ ಬಂದ ಮೇಲೆ ಬಹುತೇಕ ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಕಾರ್ಬುರೇಟರ್ ಇಲ್ಲ. ಕುಂಟೆ ಕಟ್ಟುತ್ತಿರುವುದು ಅದಕ್ಕಿಂತ ಹಳೆಯ ಗಾಡಿಗಳಿಗೆ. ಇತ್ತ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ 2025ರಲ್ಲಿ ಶೇ 20ಕ್ಕೆ ಮುಟ್ಟಿತು. ಎಥನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ನಿನ್ನೆ ಸರಿಯಿದ್ದ ಕಾರ್ಬುರೇಟರ್ ಇಂದಿನ ಪೆಟ್ರೋಲಿಗೆ ಸರಿಯಿರಲಾರದು.

ಹಾಗಾದರೆ ಏನು ಮಾಡಬೇಕು?

ಮೊದಲು ಗಾಳಿಯ ಫಿಲ್ಟರ್ ನೋಡಿರಿ. ದೂಳಿನಿಂದ ಕಟ್ಟಿಕೊಂಡಿತೆಂದು ಅದನ್ನು ಕಿತ್ತೆಸೆದು ಓಡಿಸುವವರಿದ್ದಾರೆ. ಇದರಿಂದ ಮಿಶ್ರಣ ತೆಳುವಾಗುವುದಲ್ಲದೆ, ಎರೆಮಣ್ಣಿನ ದೂಳು ಒಳಹೊಕ್ಕು ರಿಂಗು, ಸಿಲಿಂಡರುಗಳನ್ನು ಮಸೆದುಬಿಡುತ್ತದೆ. ಸ್ಪಂಜಿನ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎಂಜಿನ್ ಎಣ್ಣೆ ಸವರಿ, ಹಿಂಡಿ ಹಾಕಬೇಕು. ಕಾಗದದ ಫಿಲ್ಟರನ್ನು ತೊಳೆಯಬಾರದು. ತಟ್ಟಿ, ಒಳಗಿನಿಂದ ಹೊರಕ್ಕೆ ಗಾಳಿ ಊದಬೇಕು. ಎಡೆ ಹೊಡೆಯುವ ದಿನಗಳಲ್ಲಿ ಇದು ನಿತ್ಯದ ಕೆಲಸ.

ಎರಡನೆಯದಾಗಿ, ಎಂಜಿನ್ ತಣ್ಣಗಿರುವಾಗ ಕಾರ್ಬುರೇಟರಿನ ಬಟ್ಟಲು ಬಿಚ್ಚಿ ಕಸ, ನೀರು ತೆಗೆಯಿರಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಜೆಟ್ಟಿನ ತೂತಿಗೆ ಪಿನ್ನು, ತಂತಿ ಚುಚ್ಚಬೇಡಿರಿ. ಗಾಳಿ ಊದಿದರೆ ಸಾಕು. ತೂತು ಕೂದಲೆಳೆಯಷ್ಟು ಹಿಗ್ಗಿದರೂ ಅಳತೆ ಕೆಟ್ಟಂತೆಯೇ.

ಮೂರನೆಯದು ಮಿಶ್ರಣದ ತಿರುಪು. ಎಂಜಿನ್ ನಿಲ್ಲಿಸಿ ಅದನ್ನು ಹಗುರವಾಗಿ ಪೂರ್ತಿ ಒಳಕ್ಕೆ ತಿರುಗಿಸಿ, ಬಿಗಿಯದೆ, ಒಂದೂವರೆ ಸುತ್ತು ಹೊರಕ್ಕೆ ಬಿಡಿರಿ. ನಂತರ ಐದು ನಿಮಿಷ ಎಂಜಿನ್ ಕಾಯಿಸಿ, ಕಾಲು ಕಾಲು ಸುತ್ತು ಅತ್ತ ಇತ್ತ ಮಾಡಿದಾಗ ಎಲ್ಲಿ ಎಂಜಿನ್ ಚುರುಕಾಗಿ, ಒಂದೇ ಸಮನೆ ಓಡುವುದೋ ಅಲ್ಲಿ ನಿಲ್ಲಿಸಿರಿ. ತಿರುಪು ಫಿಲ್ಟರಿನ ಕಡೆಗಿದ್ದರೆ ಅದು ಗಾಳಿಯದು. ಬಿಗಿದರೆ ಪೆಟ್ರೋಲಿನ ಅಂಶ ಹೆಚ್ಚುತ್ತದೆ. ಎಂಜಿನ್ನಿನ ಕಡೆಗಿದ್ದರೆ ಅದು ಪೆಟ್ರೋಲಿನದು, ಬಿಚ್ಚಿದರೆ ಹೆಚ್ಚುತ್ತದೆ.

ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಈ ತಿರುಪಿನ ಅಧಿಕಾರ ಎಕ್ಸಿಲರೇಟರ್ ಕಾಲುಭಾಗ ತೆರೆಯುವವರೆಗೆ ಮಾತ್ರ. ಕುಂಟೆ ಎಳೆಯುವಾಗ ಕೆಲಸ ಮಾಡುವವು ಒಳಗಿನ ಸೂಜಿ ಮತ್ತು ದೊಡ್ಡ ಜೆಟ್ಟು. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಇಳಿಸಿದರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚು ಬರುತ್ತದೆ. ಸೂಜಿಗೆ ಬೇರೆ ಗೀರುಗಳಿಲ್ಲದಿದ್ದರೆ ಒಂದೇ ಒಂದು ಅಳತೆ ದೊಡ್ಡ ಜೆಟ್ಟು ಹಾಕಿಸಿರಿ.

ಸರಿಯಾಯಿತೋ ಇಲ್ಲವೋ ಎಂಬುದಕ್ಕೆ ಪ್ಲಗ್ಗೇ ಸಾಕ್ಷಿ. ಕುಂಟೆ ಸಮೇತ ಕೆಲವು ಸಾಲು ಹೊಡೆದು, ಕ್ಲಚ್ ಹಿಡಿದು ಒಮ್ಮೆಲೇ ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿರಿ. ಬಿಸ್ಕತ್ತಿನಂಥ ಕಂದು ಬಣ್ಣವಿದ್ದರೆ ಹದ ಸರಿ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಬಿಳುಪಾಗಿ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ, ಕೂಡಲೇ ಸರಿಪಡಿಸಿರಿ. ಅಲ್ಪಸ್ವಲ್ಪ ಹೆಚ್ಚಾದರೆ ಖರ್ಚು, ಕಡಿಮೆಯಾದರೆ ಎಂಜಿನ್ನೇ ಹಾಳು ಎಂಬುದನ್ನು ನೆನಪಿಡಿ. ಇಷ್ಟಾದರೂ ಎಂಜಿನ್ನಿಗೆ ಆಗಾಗ ವಿಶ್ರಾಂತಿ ಬೇಕು, ಎತ್ತಿಗೆ ಕೊಡುವುದಿಲ್ಲವೇ? ಹಂಗಾಮು ಮುಗಿದ ಮೇಲೆ ಟ್ಯಾಂಕು, ಬಟ್ಟಲು ಎರಡನ್ನೂ ಬರಿದು ಮಾಡಿಡಿ. ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರುತ್ತದೆ.

ಹೀಗೆ ಮಾರ್ಪಡಿಸಿದ ಗಾಡಿ ಹೊಲಕ್ಕೆ ಮಾತ್ರ. ಅನುಮತಿಯಿಲ್ಲದೆ ರೂಪ ಬದಲಿಸಿದ ವಾಹನವನ್ನು ರಸ್ತೆಗೆ ತರುವುದು 1988ರ ಮೋಟಾರು ವಾಹನ ಕಾಯಿದೆಗೆ ವಿರುದ್ಧ. ಅಪಘಾತವಾದರೆ ವಿಮೆ ಸಿಗುವುದೂ ಕಷ್ಟ. ಹೊಲ ದೂರವಿದ್ದರೆ ಬಂಡಿಯಲ್ಲೋ ಟ್ರೇಲರಿನಲ್ಲೋ ಹೇರಿಕೊಂಡು ಹೋಗುವುದು ಲೇಸು.

ಎಲ್ಲ ಭಾರವನ್ನೂ ರೈತನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಕೃಷಿ ಎಂಜಿನಿಯರಿಂಗ್ ಮಹಾವಿದ್ಯಾಲಯವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ದೇವದುರ್ಗ, ಮಾನ್ವಿಗಳ ರೈತ ಸಂಪರ್ಕ ಕೇಂದ್ರಗಳಲ್ಲಿ ಬಿತ್ತನೆ ಬೀಜ ಹಂಚುವ ದಿನಗಳಲ್ಲೇ ಒಂದು ದಿನದ ಎಂಜಿನ್ ಶಿಬಿರ ಏರ್ಪಡಿಸುವುದು ಇವರಿಗೆ ದೊಡ್ಡ ಮಾತಲ್ಲ. ಊರಿನ ಮೆಕ್ಯಾನಿಕ್ಕುಗಳನ್ನೂ ಅಲ್ಲಿಗೆ ಕರೆಯಬೇಕು. ತನ್ನ ಕೈಯಿಂದಲೇ ಯಂತ್ರ ಕಟ್ಟಿಕೊಂಡ ರೈತನಿಗೆ ಅದನ್ನು ಕಾಪಾಡುವ ವಿದ್ಯೆಯೂ ದೊರೆಯಬೇಕು.

ಆ ಶಿಬಿರಕ್ಕಾಗಿ ನಿಮ್ಮ ಊರಿನ ಪರವಾಗಿ ಒಂದು ಅರ್ಜಿ ಬರೆದು ಕೊಡಿರಿ. ಅದು ಬರುವವರೆಗೆ ಕಾಯದೆ, ಈ ವಾರವೇ ನಿಮ್ಮ ಗಾಡಿಯ ಪ್ಲಗ್ ಬಿಚ್ಚಿ ಬಣ್ಣ ನೋಡಿರಿ.