ನೆರೆಹೊರೆಯ ಹಕ್ಕಿಗೆ ಲಿಂಗದ ಕಾಲಂ ಇಲ್ಲ

ಮನುಷ್ಯನ ನಿತ್ಯದ ಬದುಕಿಗೆ ಅತ್ಯಂತ ಹತ್ತಿರವಿರುವ ಆಡಳಿತವೆಂದರೆ ಗ್ರಾಮ ಪಂಚಾಯತ್, ಪುರಸಭೆ ಮತ್ತು ಮಹಾನಗರ ಪಾಲಿಕೆ. ಕುಡಿಯುವ ನೀರು, ನಿವೇಶನದ ಪಟ್ಟಿ, ಸಾರ್ವಜನಿಕ ಶೌಚಾಲಯ, ಬೀದಿ ವ್ಯಾಪಾರದ ಗುರುತಿನ ಚೀಟಿ, ಜನನ ಮರಣದ ದಾಖಲೆ ಎಲ್ಲವೂ ಅಲ್ಲಿಂದಲೇ ಬರಬೇಕು. ದೆಹಲಿಯಲ್ಲೋ ಬೆಂಗಳೂರಿನಲ್ಲೋ ಘೋಷಣೆಯಾದ ಹಕ್ಕು ನಿಜವಾಗುವುದೋ, ಕಾಗದದಲ್ಲೇ ಉಳಿಯುವುದೋ ಎಂಬುದು ಈ ಕಚೇರಿಗಳ ಕಿಟಕಿಯಲ್ಲಿ ತೀರ್ಮಾನವಾಗುತ್ತದೆ. ಲಿಂಗತ್ವ ಅಲ್ಪಸಂಖ್ಯಾತರ ಮಟ್ಟಿಗಂತೂ ಈ ಮಾತು ಅಕ್ಷರಶಃ ಸತ್ಯ.

ಘೋಷಣೆಗಳಿಗೆ ಕೊರತೆಯಿಲ್ಲ. 2011ರ ಜನಗಣತಿಯು ನಮ್ಮ ರಾಜ್ಯದಲ್ಲಿ 20,266 ಮಂದಿಯನ್ನು ಗಂಡು, ಹೆಣ್ಣು ಎಂಬ ಎರಡೂ ಕಾಲಂಗಳ ಹೊರಗೆ ದಾಖಲಿಸಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಅವರ ಅಸ್ತಿತ್ವವನ್ನು ಕಾನೂನಿನ ಕಣ್ಣಿನಲ್ಲಿ ಮಾನ್ಯ ಮಾಡಿತು. 2017ರಲ್ಲಿ ಕರ್ನಾಟಕ ತನ್ನದೇ ನೀತಿಯನ್ನು ರೂಪಿಸಿತು. 2019ರಲ್ಲಿ ಕೇಂದ್ರ ಕಾಯ್ದೆ ಬಂತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿ ನೀಡಿ ನಮ್ಮ ರಾಜ್ಯ ದೇಶಕ್ಕೇ ಮೊದಲಾಯಿತು. ಮೈತ್ರಿ ಯೋಜನೆಯ ಮಾಸಾಶನವಿದೆ, ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ.

ಆದರೆ ಮನಸ್ಸಿನಲ್ಲಿ ಕುಳಿತ ಹಳೆಯ ಕಾನೂನು ಅಷ್ಟು ಬೇಗ ರದ್ದಾಗುವುದಿಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಈ ಜನರ ಹೆಸರು ಬರೆದಿಡಲು ಪ್ರತ್ಯೇಕ ಭಾಗವನ್ನೇ ಸೇರಿಸಿದ್ದರು. ಸ್ವತಂತ್ರ ಭಾರತದಲ್ಲಿ, ಅದೂ 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ ಮತ್ತೆ ಅಂತಹುದೇ ಪಟ್ಟಿಗೆ ದಾರಿ ಮಾಡಲಾಯಿತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ ಬಳಿಕವೇ ಅವರನ್ನು ಹೆಸರಿಸಿದ್ದ ಪದವನ್ನು ತೆಗೆದುಹಾಕಲಾಯಿತು. ಇಡೀ ಸಮುದಾಯವೊಂದನ್ನು ಸಂಶಯದ ಪಟ್ಟಿಯಲ್ಲಿಡುವುದು ಎಂತಹ ನೋವೆಂಬುದನ್ನು ಮುಸ್ಲಿಮರಾದ ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ.

ಈ ಜನರ ಸಂಕಷ್ಟ ಒಂದು ಸರಪಣಿಯಂತಿದೆ. ಮನೆಯಿಂದ ಹೊರದಬ್ಬಿದವರಿಗೆ ವಿಳಾಸವಿಲ್ಲ. ವಿಳಾಸವಿಲ್ಲದವರಿಗೆ ಪಡಿತರ ಚೀಟಿ ಸಿಗುವುದು ಕಷ್ಟ. ಹಳೆಯ ದಾಖಲೆಯಲ್ಲಿ ಒಂದು ಹೆಸರು, ಬದುಕಿನಲ್ಲಿ ಇನ್ನೊಂದು ಹೆಸರಿದ್ದರೆ ಅರ್ಜಿ ಮರಳಿ ಬರುತ್ತದೆ. ಬಾಡಿಗೆ ಮನೆ ಕೊಡುವವರಿಲ್ಲ, ಕೆಲಸ ಕೊಡುವವರಿಲ್ಲ. ಎಲ್ಲ ಬಾಗಿಲುಗಳನ್ನೂ ಮುಚ್ಚಿದ ಮೇಲೆ ನಾವೇ ಕೇಳುತ್ತೇವೆ: ಇವರು ಸಿಗ್ನಲ್ಲಿನಲ್ಲಿ ಕೈಚಾಚುವುದೇಕೆ? ದುಡಿದು ಬದುಕಬಾರದೇ? ಈ ಪ್ರಶ್ನೆ ಕೇಳುವ ಅರ್ಹತೆ ಕೆಲಸ ಕೊಡಲು ಸಿದ್ಧನಿರುವವನಿಗೆ ಮಾತ್ರ ಇದೆ.

ಇಲ್ಲಿ ನಮ್ಮಲ್ಲಿ ಕೆಲವರು ಧರ್ಮದ ಪ್ರಶ್ನೆಯನ್ನು ಎತ್ತುತ್ತಾರೆ. ಎತ್ತಲೇಬೇಕು. ಆದರೆ ಪೂರ್ತಿಯಾಗಿ ಎತ್ತಬೇಕು. ಹುಟ್ಟಿನಿಂದಲೇ ಲಿಂಗ ಸ್ಪಷ್ಟವಿಲ್ಲದವರನ್ನು ಖುನ್ಸಾ ಎಂದು ಕರೆದು ನಮ್ಮ ಕರ್ಮಶಾಸ್ತ್ರ ಪಂಡಿತರು ಶತಮಾನಗಳ ಹಿಂದೆಯೇ ಅವರಿಗಾಗಿ ಅಧ್ಯಾಯಗಳನ್ನು ಬರೆದರು. ಹನಫೀ ಗ್ರಂಥ ಹಿದಾಯದಲ್ಲಿ ಅಂತಹ ಪ್ರತ್ಯೇಕ ಅಧ್ಯಾಯವಿದೆ. ನಮಾಝಿನ ಸಾಲಿನಲ್ಲಿ ಅವರ ಸ್ಥಾನ ಎಲ್ಲಿ, ಮರಣಿಸಿದರೆ ಮಯ್ಯಿತ್ ಸಂಸ್ಕಾರ ಹೇಗೆ, ವಾರೀಸು ಆಸ್ತಿಯಲ್ಲಿ ಪಾಲೆಷ್ಟು ಎಂದು ಚರ್ಚಿಸಿದರು. ಪಾಲೆಷ್ಟು ಎಂಬುದರಲ್ಲಿ ಇಮಾಮರಿಗೆ ಭಿನ್ನಾಭಿಪ್ರಾಯವಿತ್ತು. ಪಾಲೇ ಇಲ್ಲ, ಸಾಲಿನಲ್ಲಿ ಜಾಗವೇ ಇಲ್ಲ ಎಂಬ ಅಭಿಪ್ರಾಯ ಯಾರದೂ ಆಗಿರಲಿಲ್ಲ.

ಹುಟ್ಟಿನ ಸ್ಥಿತಿ ಬೇರೆ, ಬಳಿಕ ಶರೀರವನ್ನು ಮಾರ್ಪಡಿಸಿಕೊಳ್ಳುವುದು ಬೇರೆ ಎಂದು ವಿದ್ವಾಂಸರು ವಿಂಗಡಿಸುತ್ತಾರೆ. ಎರಡನೆಯದನ್ನು ಬಹುತೇಕರು ಒಪ್ಪುವುದಿಲ್ಲ. ಆ ಚರ್ಚೆಯನ್ನು ನಾವು ಇಲ್ಲಿ ಹಗುರಗೊಳಿಸುತ್ತಿಲ್ಲ. ಅದು ಅರಿವುಳ್ಳವರ ಸಭೆಯಲ್ಲಿ ನಡೆಯಲಿ. ನೀರಿನ ನಳ್ಳಿಯ ಮುಂದೆ, ಪಡಿತರದ ಸಾಲಿನಲ್ಲಿ ನಡೆಯಬಾರದು. ನೆರೆಯವನಿಗೆ ನೀರು ಕೊಡುವ ಮೊದಲು ಅವನ ನಡತೆಯ ಪ್ರಮಾಣಪತ್ರ ಕೇಳಲು ನಮಗೆ ಯಾರೂ ಕಲಿಸಿಲ್ಲ.

ಅಬೂ ದಾವೂದ್ ವರದಿ ಮಾಡಿದ ಒಂದು ಘಟನೆ ಇಲ್ಲಿ ನೆನಪಿಡತಕ್ಕದ್ದು. ಹೆಣ್ಣಿನಂತೆ ಅಲಂಕರಿಸಿಕೊಂಡಿದ್ದ ಒಬ್ಬನನ್ನು ಪ್ರವಾದಿ(ಸ)ಯವರ ಬಳಿಗೆ ಕರೆತರಲಾಯಿತು. ಅವನನ್ನು ಮದೀನದ ಹೊರಗೆ ಕಳುಹಿಸಲಾಯಿತು. ಕೊಂದುಬಿಡೋಣವೇ ಎಂದು ಕೇಳಿದಾಗ, ನಮಾಝ್ ಮಾಡುವವರನ್ನು ಕೊಲ್ಲುವುದು ತಮಗೆ ನಿಷಿದ್ಧವೆಂದು ಪ್ರವಾದಿ(ಸ) ತಡೆದರು. ಇಂತಹುದೇ ಇನ್ನೊಂದು ವರದಿಯಲ್ಲಿ, ಹೊರಗೆ ಕಳುಹಿಸಲ್ಪಟ್ಟವನು ಹಸಿವಿನಿಂದ ಸಾಯಬಹುದೆಂದು ತಿಳಿಸಿದಾಗ, ಆಹಾರ ಕೇಳಲು ವಾರಕ್ಕೆ ಎರಡು ಬಾರಿ ಊರೊಳಗೆ ಬರಲು ಅನುಮತಿ ದೊರೆಯಿತು. ಶಿಸ್ತಿನ ಕ್ರಮಕ್ಕೆ ಒಳಗಾದವನ ಪ್ರಾಣ ಮತ್ತು ಅನ್ನವೂ ಅಲ್ಲಿ ಸುರಕ್ಷಿತವಾಗಿತ್ತು. ಈ ವರದಿಯ ಮೊದಲರ್ಧವನ್ನಷ್ಟೇ ಹೇಳಿ ಎದ್ದುಹೋಗುವವರು ಉಳಿದರ್ಧಕ್ಕೂ ಉತ್ತರಿಸಬೇಕು.

ಕರ್ತವ್ಯ ಮೊದಲು ಮನೆಯಿಂದಲೇ ಆರಂಭವಾಗಲಿ. ತಂದೆತಾಯಿಯ ಮನೆಯಲ್ಲಿ ವಾಸಿಸುವ ಹಕ್ಕನ್ನು 2019ರ ಕಾಯ್ದೆಯ 12ನೇ ಕಲಂ ಇಂತಹ ಮಕ್ಕಳಿಗೆ ನೀಡಿದೆ. ಅವರನ್ನು ಮನೆಯಿಂದಲೋ ಊರಿನಿಂದಲೋ ಬಲವಂತವಾಗಿ ಹೊರಹಾಕುವುದು ಅಪರಾಧ. ಕಾನೂನಿಗಿಂತ ಮುಂಚೆಯೇ, ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ತು. ಮಗ ಬೇರೆ ರೀತಿ ಎಂದು ತಿಳಿದ ದಿನ ನೆರೆಯವರು ಏನನ್ನುತ್ತಾರೋ ಎಂದು ಅಂಜಿ ಅವನನ್ನು ಬೀದಿಗೆ ಬಿಟ್ಟರೆ, ಅವನನ್ನು ಕೈಹಿಡಿದು ಕರೆದೊಯ್ಯುವವರು ಯಾರೆಂಬುದನ್ನು ನಾವು ಆರಿಸುವಂತಿಲ್ಲ. ತಿಳಿಹೇಳಲು, ಪ್ರಾರ್ಥಿಸಲು, ವೈದ್ಯರ ಸಲಹೆ ಪಡೆಯಲು ಮಗು ಮನೆಯಲ್ಲೇ ಇರಬೇಕಲ್ಲವೇ?

ಸ್ಥಳೀಯ ಸಂಸ್ಥೆಗಳಲ್ಲಿ ನಮ್ಮವರೂ ಸದಸ್ಯರಾಗಿದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟು: ಅಂಗವಿಕಲರಿಗಾಗಿ ಶೇಕಡಾ 5ರಷ್ಟು ಹಣ ತೆಗೆದಿಡುವಂತೆ ಇವರಿಗೂ ಚಿಕ್ಕದಾದರೂ ಒಂದು ಪಾಲು ಗೊತ್ತುಮಾಡಿ. ವಸತಿ ಪಟ್ಟಿ ಸಿದ್ಧವಾಗುವ ಗ್ರಾಮಸಭೆಗೆ ಅವರನ್ನು ಕರೆಯಿರಿ. ಜಿಲ್ಲಾಧಿಕಾರಿಯ ಗುರುತಿನ ಪತ್ರ ತಂದವರನ್ನು ಕಚೇರಿಯಿಂದ ಕಚೇರಿಗೆ ಅಲೆದಾಡಿಸಬೇಡಿ. ಜಮಾಅತಿನ ಹಿರಿಯರಲ್ಲಿಯೂ ಒಂದು ಮಾತು: ಕಲಿಮ ಹೇಳಿ ಕಣ್ಮುಚ್ಚಿದವರ ಜನಾಝ ಮಸೀದಿಯ ಬಾಗಿಲಿಗೆ ಬಂದಾಗ ಖಬರಸ್ಥಾನದ ಬೀಗದ ಕೈಗಾಗಿ ಯಾರೂ ಹುಡುಕಾಡುವಂತಾಗದಿರಲಿ.

ಪರಿಹಾಸ್ಯ ಮಾಡುವವರಿಗಿಂತ ಪರಿಹಾಸ್ಯಕ್ಕೊಳಗಾದವರೇ ಉತ್ತಮರಿರಬಹುದೆಂಬ ಎಚ್ಚರಿಕೆ ಸೂರಃ ಹುಜುರಾತ್‌ನಲ್ಲಿದೆ. ಬೀದಿಯಲ್ಲಿ ಚಪ್ಪಾಳೆಯ ಸದ್ದು ಕೇಳಿದೊಡನೆ ನಗುವ ನಮ್ಮ ಮಕ್ಕಳಿಗೆ ಮೊದಲು ಆ ಪಾಠವನ್ನು ಕಲಿಸೋಣ. ದುರ್ಬಲರ ಹಕ್ಕನ್ನು ಕಿತ್ತುಕೊಂಡವರ ಸಾಲಿನಲ್ಲಿ ನಮ್ಮನ್ನು ನಿಲ್ಲಿಸದೆ, ಅದನ್ನು ತಲುಪಿಸಿದವರ ಸಾಲಿಗೆ ಅಲ್ಲಾಹನು ಸೇರಿಸಲಿ. ಆಮೀನ್.