ಕಿಟೆಲ್ಲರ ವ್ಯಾಕರಣವೂ ನಮ್ಮ ಆಡುನುಡಿಯೂ

ರೆವರೆಂಡ್ ಫರ್ಡಿನಾಂಡ್ ಕಿಟೆಲ್ಲರ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಯಿಲ್ಲ. ಅವರ ಗ್ರಂಥಗಳನ್ನು ತೆರೆದು ನೋಡಿದವರು ಮಾತ್ರ ವಿರಳ. 1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಈ ಮಹನೀಯರು 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ನಮ್ಮ ನಾಡಿಗೆ ಬಂದರು. ಬಂದುದು ಮತಪ್ರಚಾರಕ್ಕೆ; ಉಳಿದುದು ಅವರ ಕನ್ನಡದ ಕೆಲಸ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳುಂಟು. ಇಂಗ್ಲಿಷಿನಲ್ಲಿ ಅವರು ಬರೆದ ಕನ್ನಡ ವ್ಯಾಕರಣ 1903ರಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ಕಾಲವಾದರು.

ಈ ಇಸವಿಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿಸಿದರೆ ಕಿಟೆಲ್ಲರ ಋಣ ತೀರಿದಂತಾಗದು. ಅವರ ವ್ಯಾಕರಣ ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಒಂದೇ ಭಾಷೆಯ ಮೂರು ಅವಸ್ಥೆಗಳೆಂದು ಒಟ್ಟಿಗೆ ನೋಡುತ್ತದೆ. ಅವರ ನಿಘಂಟು ಕಾವ್ಯದ ಶಬ್ದದ ಪಕ್ಕದಲ್ಲಿಯೇ ಗಾದೆಯ ಮಾತನ್ನೂ ಕೂಡಿಸುತ್ತದೆ. ಆಗಿನ ಸರಕಾರ ‘ದಕ್ಷಿಣ ಮರಾಠಾ ಪ್ರಾಂತ’ವೆಂದು ಕರೆಯುತ್ತಿದ್ದ ನಮ್ಮ ಭಾಗದ ಶಬ್ದಗಳಿಗೂ ಪ್ರಾಂತದ ಗುರುತು ಹಚ್ಚಿ ಅಲ್ಲಿ ಸ್ಥಾನ ಕೊಟ್ಟಿದ್ದಾರೆ.

ನಾವು ಮಾಡುತ್ತಿರುವುದೇನು? ನಾನು ಪಾಠ ಹೇಳುವ ಬೈಲಹೊಂಗಲಕ್ಕೆ ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯಿಂದಲೂ ಮಕ್ಕಳು ಬರುತ್ತಾರೆ. ‘ಮಳಿ ಬರಾಕತ್ತೈತಿ’ ಎಂದೊಡನೆ ಅದು ಅಶುದ್ಧವೆಂದು ತಿದ್ದಿಸಿಕೊಂಡು, ಬಾಯಿ ತೆರೆಯಲು ನಾಚುವವರೇ ಬಹಳ. ಆಡುನುಡಿಗೆ ವ್ಯಾಕರಣವೆಲ್ಲಿಯದು ಎಂದು ಕೇಳುವ ಪಂಡಿತರೂ ಉಂಟು. ‘ಬರಲಿಕ್ಕೆ ಹತ್ತಿದೆ’ ಎಂಬ ರೂಪವನ್ನು ಪಕ್ಕದಲ್ಲಿಟ್ಟು ನೋಡಲಿ. ಆರಂಭವನ್ನು ಸೂಚಿಸುವ ‘ಹತ್ತು’ ಧಾತು ಎರಡರಲ್ಲಿಯೂ ಇದೆ. ಅದನ್ನು ತೋರಿಸಿಕೊಡುವುದೇ ವ್ಯಾಕರಣದ ಪಾಠವಲ್ಲವೆ?

ಪರೀಕ್ಷೆಯ ಉತ್ತರವನ್ನು ವಿದ್ಯಾರ್ಥಿಗಳು ಗ್ರಾಂಥಿಕದಲ್ಲಿಯೇ ಬರೆಯಲಿ. ಅದು ನಾಡಿಗೆಲ್ಲ ಸಮಾನವಾದ ನುಡಿ. ಆದರೆ ಅದನ್ನು ಕಲಿಸಲು ಮನೆಯ ಮಾತನ್ನು ಹಳಿಯಬೇಕಾಗಿಲ್ಲ. ಮಲಪ್ರಭೆಯ ದಂಡೆಯ ಹೊಲಗಳಲ್ಲಿ ಯಂತ್ರಗಳು ಬಂದಂತೆ ಕೂರಿಗೆ, ಕುಂಟೆ, ಹಂತಿಗಳು ಮರೆಯಾಗುತ್ತಿವೆ. ಕೈಮಗ್ಗ ನಿಂತ ಮನೆಗಳಲ್ಲಿ ಲಾಳಿಯ ಹೆಸರೂ ಅಪರೂಪವಾಗುತ್ತಿದೆ. ವಸ್ತು ಹೋದ ಮೇಲೆ ಶಬ್ದ ಬಹುಕಾಲ ಬಾಳದು.

ಆದುದರಿಂದ ನನ್ನದೊಂದು ಸೂಚನೆ. ಈ ನಾಲ್ಕು ತಾಲೂಕುಗಳ ಕನ್ನಡ ಅಧ್ಯಾಪಕರು ಪ್ರತಿ ವಿದ್ಯಾರ್ಥಿಯಿಂದ ವರ್ಷಕ್ಕೆ 50 ಶಬ್ದಗಳನ್ನು, ಊರಿನ ಹೆಸರು ಮತ್ತು ಬಳಕೆಯ ವಾಕ್ಯದೊಡನೆ, ಬರೆಯಿಸಲಿ. ಅಜ್ಜಿಯನ್ನೂ ನೇಕಾರನನ್ನೂ ಕೇಳಿ ಬರೆದುಕೊಳ್ಳುವ ಹುಡುಗನಿಗೆ ವ್ಯಾಕರಣವು ಶಿಕ್ಷೆಯಾಗಿ ತೋರಲಾರದು. ದೂರದೇಶದಿಂದ ಬಂದವರೊಬ್ಬರು ಕಿವಿಗೊಟ್ಟು ಕೇಳಿದ ಮಾತಿಗೆ ನಾವು ಕಿವಿ ಮುಚ್ಚಿಕೊಳ್ಳುವುದು ಉಚಿತವಲ್ಲ.