ನಂಜು ಬದನಿಕಾಯಾಗ ಇಲ್ಲ, ಕಾಂಗ್ರೆಸ್ ಕಸದಾಗ ಐತಿ

ನಮ್ಮ ನೆಗೆಣ್ಣಿಗೆ ಊಟದಾಗ ಏನೇನು ಬಿಡಿಸ್ಯಾರ ಅಂತ ಮೊನ್ನೆ ಲೆಕ್ಕಾ ಹಾಕಿದೆ. ಬದನಿಕಾಯಿ, ಶೇಂಗಾ ಹಿಂಡಿ, ಮೊಸರು, ತತ್ತಿ. ಯಾಕಂದ್ರ ಅಕಿ ಕಣ್ಣರೆಪ್ಪಿ ಬಾತಾವು, ಕುತಿಗಿ ಕೆರದ ಕೆರದ ಕರ್ರಗಾಗೇತಿ, ಮೊಣಕೈ ಮಡಚೂ ಜಾಗಾದಾಗ ನೀರ ಸೋರತೈತಿ. ಹಿರ್ಯಾರು ನೋಡಿ "ನಂಜಾಗೇತಿ" ಅಂದ್ರು, ಮುಗೀತು. ಮೂರ ವರ್ಷ ಆತು. ಅಕಿ ಬದನಿಕಾಯಿ ಬಿಟ್ಟಳು, ತುರಿಕಿ ಅಕಿನ್ನ ಬಿಡಲಿಲ್ಲ. ಹೊಲದ ಬದುವಿನ್ಯಾಗ, ಹಿತ್ತಲದಾಗ ಕಾಂಗ್ರೆಸ್ ಕಸಾ ಬರಿಗೈಲೆ ಕೀಳೂದು ಬಿಡು ಅಂತ ಮಾತ್ರ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಪಟ್ಟದಕಲ್ಲಿನಾಗ ಈ ಗಿಡಾ ತೋರಿಸಿ ಹೇಳಬೇಕಾಗಿಲ್ಲ. ಮಲಪ್ರಭಾ ದಂಡಿ, ರಸ್ತಾದ ಬಾಜೂ, ತಿಪ್ಪಿ, ಎಲ್ಲಿ ನೋಡಿದ್ರೂ ಅದೇ. ಗಜ್ಜರಿ ಎಲಿ ಹಂಗ ಎಲಿ, ತುದಿಗೆ ಸಣ್ಣ ಬಿಳಿ ಹೂವು. ನಮ್ಮ ದೇಶದ್ದಲ್ಲ, ಅಮೇರಿಕಾ ಕಡೆಯಿಂದ ಬಂದದ್ದು. 1950ರ ದಶಕದಾಗ ಪುಣೆದಾಗ ಕಂಡಿದ್ದು ಈಗ ದೇಶದ ತುಂಬ ಐತಿ. ಇದನ್ನ ತಿನ್ನಲಿ ಅಂತ 1984ರಾಗ ಬೆಂಗಳೂರಿನಾಗ ಮೆಕ್ಸಿಕೋದ ಒಂದು ಹುಳಾನೂ ಬಿಟ್ಟರು. ಹುಳಾ ತನ್ನ ಪಾಲಿಂದು ತಿಂತು, ಉಳಿದದ್ದು ನಮ್ಮ ಹೆಣ್ಮಕ್ಕಳ ಪಾಲಿಗೆ ಬಂತು.

"ನಾ ದಿನಾ ಮುಟ್ಟತೀನಿ, ನನಗೇನಾಗೇತಿ?" ಅಂತ ಅತ್ತಿ ಕೇಳ್ತಾರ. ಖರೇ ಐತಿ, ಎಲ್ಲಾರಿಗೂ ಆಗೂದಿಲ್ಲ. ಆದರ ಗಿಡದ ಸಣ್ಣ ಕೂದಲದಾಗ ಪಾರ್ಥೇನಿನ್ ಅನ್ನೂ ಪದಾರ್ಥ ಇರತೈತಿ. ತಿಂಗಳಗಟ್ಟಲೆ, ವರ್ಷಗಟ್ಟಲೆ ಮುಟ್ಟಿದ ಮ್ಯಾಲ ಕೆಲವರ ಮೈ ಒಂದಿನ ಅದನ್ನ ವೈರಿ ಅಂತ ಗುರ್ತು ಹಿಡಿತೈತಿ. ಅಲ್ಲಿಂದ ಮುಂದ ಕೀಳೂದೇ ಬ್ಯಾಡ, ಒಣಗಿದ ಕಸದ ಧೂಳು ಗಾಳಿಗೆ ಬಂದು ಮಾರಿಗೆ ಬಡದ್ರೂ ಸಾಕು.

ಗುರ್ತು ಹಿಡಿಯೂದು ಹೆಂಗ? ನಸಗುನ್ನಿ ತಾಗಿದ್ರ ಆಗಿಂದಾಗ ಉರಿತೈತಿ. ಇದು ಹಂಗಲ್ಲ, ಒಂದೆರಡ ದಿನ ಬಿಟ್ಟು ಏಳತೈತಿ, ಅದಕ್ಕ ಕಸಕ್ಕೂ ತುರಿಕಿಗೂ ಯಾರೂ ಗಂಟ ಹಾಕೂದಿಲ್ಲ. ಸೀರಿ ಕುಪ್ಪಸ ಮುಚ್ಚಿದ ಜಾಗಾ ಚಲೋ ಇರತೈತಿ. ರೆಪ್ಪಿ, ಗದ್ದದ ಕೆಳಗ, ಕಿವಿ ಹಿಂದ, ಕುತಿಗಿ, ಮೊಣಕೈ ಮಡಿಕಿ ಕೆಡತಾವು. ಬಟ್ಟಿನ ಸಂದ್ಯಾಗ ರಾತ್ರಿ ತುರಿಸಿ, ಮನಿಮಂದಿಗೆಲ್ಲಾ ಹತ್ತಿದ್ರ ಅದು ಕಜ್ಜಿ. ದುಂಡಗ ಅಂಚು ಎದ್ದು ನಡುವ ತಿಳಿಯಾಗಿದ್ರ ಗಜಕರ್ಣ. ಸೇವಂತಿ, ಸೂರ್ಯಪಾನ ಇದೇ ಬಳಗದ ಗಿಡಾ. ಸೇವಂತಿ ಮುಡದ ಮರುದಿನ ಕಿವಿ ಹಿಂದ ತುರಿಸಿದ್ರ ಅದನ್ನೂ ನೆನಪಿಟ್ಟು ಡಾಕ್ಟರಿಗೆ ಹೇಳ್ರಿ.

ಇನ್ನ ಆ ಟ್ಯೂಬಿನ ಮಾತು. ಔಷಧ ಅಂಗಡ್ಯಾಗ "ತುರಿಕಿಗೆ ಕೊಡ್ರಿ" ಅಂದ್ರ ಕೊಡತಾರ, ಎರಡ ದಿನದಾಗ ಆರಾಮ ಅನಸತೈತಿ. ಒಳಗ ಜೋರ ಸ್ಟೆರಾಯ್ಡ್ ಇರತೈತಿ. ತಿಂಗಳಾನುಗಟ್ಟಲೆ ಮಾರಿಗೆ ಹಚ್ಚಿದ್ರ ತೊಗಲು ತೆಳ್ಳಗಾಗತೈತಿ, ಕಣ್ಣಿನ ಹತ್ರ ಹಚ್ಚಿದ್ರ ಕಣ್ಣಿಗೂ ಧೋಕಾ. ಗಜಕರ್ಣಕ್ಕ ಹಚ್ಚಿದ್ರಂತೂ ಅದು ಒಳಗೊಳಗೇ ಹಬ್ಬತೈತಿ. ಸ್ಟೆರಾಯ್ಡ್ ಕೆಟ್ಟದ್ದು ಅನ್ನಾಕತ್ತಿಲ್ಲ, ಚರ್ಮದ ಡಾಕ್ಟರೂ ಅದನ್ನೇ ಬರದ್ರು. ಆದರ ಮಾರಿಗೆ ಬ್ಯಾರೆ, ಕೈಗೆ ಬ್ಯಾರೆ, ಇಷ್ಟೇ ದಿನಾ ಅಂತ ಹೇಳಿ ಬರದ್ರು. ದೊಡ್ಡ ದವಾಖಾನ್ಯಾಗ ಬೆನ್ನಿಗೆ ಪಟ್ಟಿ ಹಚ್ಚಿ ಎರಡ ದಿನ ಬಿಟ್ಟು ನೋಡೂ ಪರೀಕ್ಷಾನೂ ಐತಿ. ಸುಣ್ಣ, ನಿಂಬಿಹಣ್ಣು, ಸೀಮೆಎಣ್ಣಿ ಮಾತ್ರ ಹಚ್ಚಬ್ಯಾಡ್ರಿ ನಮ್ಮವ್ವ. ಕಸಾ ಮುಟ್ಟಿದ ಕೂಡಲೇ ತಣ್ಣೀರು, ಸಾಬೂನಿಲೆ ತೊಳಕೊಂಡು ಸೀರಿ ಬದಲಿ ಮಾಡ್ರಿ, ಆ ಸೀರಿ ಬ್ಯಾರೇನ ಒಗೀರಿ. ಉರಿಗೆ ಒದ್ದಿ ಅರಿವಿ, ಒಣಗಿದ ತೊಗಲಿಗೆ ಕೊಬ್ಬರಿಎಣ್ಣಿ. ಕಣ್ಣು ಮುಚ್ಚುವಷ್ಟು ಬಾತ್ರ, ಕೀವು ತುಂಬಿ ಜ್ವರಾ ಬಂದ್ರ, ಉಸರ ಹಿಡದ್ರ, ಅವತ್ತೇ ದವಾಖಾನಿ.

ಬೆಳಿಗೆ ಔಷಧ ಹೊಡಿಯೂ ಪಂಪಿಗೆ ರೊಕ್ಕಾ ಹುಟ್ಟತೈತಿ, ಹೆಂಗಸಿನ ಕೈಗವಸಿಗೆ ಹುಟ್ಟೂದಿಲ್ಲ. ಕಸಾ ಕೀಳಲೇಬೇಕು, ಹೂ ಬಿಡೂಕಿಂತ ಮೊದಲು, ಮಳ್ಯಾಗಿ ನೆಲಾ ಹಸಿ ಇದ್ದಾಗ, ಬೇರ ಸಹಿತ. ಒಂದೊಂದ ಗಿಡಾ ಸಾವಿರಗಟ್ಟಲೆ ಬೀಜಾ ಉದರಸತೈತಿ. ಆದರ ಮೈಗೆ ಆಗದಾಕಿನೇ ಯಾಕ ಕೀಳಬೇಕು?

ನಿನ್ನೆ ಎಣಗಾಯಿ ಮಾಡಿದ್ದೆ, ಶೇಂಗಾ ಪುಡಿ ಕೈತುಂಬ ಹಾಕಿ. ನೆಗೆಣ್ಣಿ ತಾಟಿಗೆ ನಾನೇ ಬಡಿಸಿದೆ. ಅತ್ತಿ ಮಾರಿ ಗಂಟ ಹಾಕ್ಕೊಂಡ್ರು, ಹಾಕ್ಕೊಳ್ಳಲಿ. ಹಿತ್ತಲದ ಕಸಾ ಈಗ ಮೈದುನ ಕೀಳತಾನ, ತುಂಬು ತೋಳಿನ ಅಂಗಿ, ಕೈಗವಸು ಹಾಕ್ಕೊಂಡು.